ಬೆಣ್ಣೆಯಂಥ ಮಸುಕು

ನಗರಸಭೆಯವರು ಬೆಳಗ್ಗೆ ಹುಲಿಗೆವ್ವನ ಮನೆ ಕೆಡವಿದರು. ಮಧ್ಯಾಹ್ನದ ಹೊತ್ತಿಗೆ, ರೀಲು ಹಾಕುವ ಹಳೇ ಕ್ಯಾಮೆರಾ ಹಿಡಿದು ಹೆಸರಾಂತ ಛಾಯಾಗ್ರಾಹಕರೊಬ್ಬರು ಬಂದರು. ಅವಳನ್ನು ಇಟ್ಟಿಗೆ ರಾಶಿಯ ಮೇಲೆ ಕೂರಿಸಿ, ಮದುವೆ ಸೀರೆ ಆರಿಸುವವರಂತೆ ಚೀಲದ ಲೆನ್ಸುಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದರು. ಆದ ಅನ್ಯಾಯ ನಾಲ್ಕು ಜನಕ್ಕೆ ತಿಳಿಯಲಿ ಎಂದು ಅವಳೂ ಸುಮ್ಮನೆ ಕೂತಳು.

“ಇದು ಬೇಡ, ಎಲ್ಲಾ ನಿಚ್ಚಳ ಕಾಣುತ್ತೆ,” ಎಂದು ಒಂದನ್ನು ಒಳಗಿಟ್ಟು ಇನ್ನೊಂದನ್ನು ಕೂರಿಸಿದರು. “ಇದು ನೋಡಮ್ಮ, ನಮ್ಮಪ್ಪನ ಕಾಲದ ಗಾಜು! ಕೈಯಾರೆ ತಿರುಗಿಸಿ ಫೋಕಸ್ ಮಾಡಬೇಕು. ನಿನ್ನ ಕಣ್ಣೀರು ಮುತ್ತಿನ ಹಾಗೆ ಬರುತ್ತೆ. ಹಿಂದಿರೋದೆಲ್ಲ ಬೆಣ್ಣೆ ಕರಗಿದ ಹಾಗೆ ಮಾಯ!”

ಹುಲಿಗೆವ್ವ ಹಿಂದಕ್ಕೆ ತಿರುಗಿ ನೋಡಿದಳು. ಬುಲ್ಡೋಜರಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಮನೆ ಕೆಡವಿಸಿದ ಸಾಹೇಬರು ಎಳನೀರು ಕುಡಿಯುತ್ತಿದ್ದರು.

“ಅವ್ರು ಕಾಣಂಗಿಲ್ಲೇನ್ರೀ?”

“ಛೇ, ಅವರ್ಯಾಕೆ? ಬರೀ ನಿನ್ನ ದುಃಖ ಸಾಕು.”

ಅವಳು ಎದ್ದವಳೇ ನೆಟ್ಟಗೆ ಹೋಗಿ ಸಾಹೇಬರ ಕುರ್ಚಿಗೆ ಒತ್ತಿಕೊಂಡು ನಿಂತಳು.

“ಅಯ್ಯೋ, ಮುಂದೆ ಬಾರಮ್ಮ! ಅಲ್ಲಿ ನಿಂತರೆ ನಿನ್ನ ಜೊತೆ ಅವರ ಮುಖವೂ ನಿಚ್ಚಳ ಬಂದುಬಿಡುತ್ತೆ!”

“ನಾ ಬರಂಗಿಲ್ರೀ. ಈಗ ತೆಗೀರಿ.”