ಸುಟ್ಟ ಎಲೆ

ವಿಕ್ಕಾ ಎಂಬ ಪರದೇಶದ ಮಾಟವಿದ್ಯೆಯನ್ನು ಶರ್ವಾಣಿ ಗೆಳತಿ ಚೇತನಾಳಿಂದ ಕಲಿಯತೊಡಗಿ ತಿಂಗಳೂ ಆಗಿರಲಿಲ್ಲ. ಮೊದಲ ಪಾಠ ಸುಲಭದ್ದು: ಮನದಾಸೆಯನ್ನು ಪಲಾವ್ ಎಲೆಯ ಮೇಲೆ ಸೂಜಿಯಿಂದ ಕೊರೆದು ಹುಣ್ಣಿಮೆಯಂದು ಸುಡಬೇಕು.

“ಕವರಲ್ಲಿಟ್ಟು ನನಗೆ ಕೊಡೇ. ಮೊದಲನೇ ಸಲ ಗುರುನೇ ಸುಡ್ಬೇಕು. ಆಸೆ ಏನು ಅಂತ ಯಾರಿಗೂ ಹೇಳ್ಬೇಡ,” ಎಂದಳು ಚೇತನಾ.

ಶರ್ವಾಣಿ ಅಮ್ಮನಿಗೂ ಹೇಳಲಿಲ್ಲ.

ಹುಣ್ಣಿಮೆ ಕಳೆದ ವಾರಕ್ಕೆ, ಚೇತನಾ ಬಾಡಿಗೆಗೆ ಹಿಡಿದ ಹೊಸ ಮನೆಯ ಊಟಕ್ಕೆ ಹೋದ ಶರ್ವಾಣಿ ಬಾಗಿಲಲ್ಲೇ ನಿಂತುಬಿಟ್ಟಳು. ತಾನು ಬಯಸಿದ್ದು ಇದೇ ಮನೆಯನ್ನು.

“ನನ್ನ ಎಲೆ ಓದಿದ್ಯೇನೇ?”

“ನಿನ್ನಾಣೆ ಇಲ್ಲ ಕಣೇ! ಕವರ್ ಕೂಡ ಬಿಚ್ಚಲಿಲ್ಲ, ಅವತ್ತೇ ಸುಟ್ಟೆ. ಬಾ, ಊಟ ಆರೋಗತ್ತೆ.”

ತನ್ನ ಅನುಮಾನಕ್ಕೆ ತಾನೇ ನಾಚಿ ಶರ್ವಾಣಿ ತಟ್ಟೆಯ ಮುಂದೆ ಕುಳಿತಳು. ಎರಡನೇ ತುತ್ತಿಗೆ ಪಲಾವಿನೊಳಗಿಂದ ಎಲೆಯೊಂದು ಬೆರಳಿಗೆ ಸಿಕ್ಕಿತು. ಅದರ ಮೇಲೆ ಅವಳದೇ ಅಕ್ಷರ: ‘ಕೆರೆ ಏರಿ ಪಕ್ಕದ ಹಳದಿ ಮನೆ.’