ಬಸದಿ ಮೆಟ್ಟಿಲ ಮೇಲೆ ಒಬ್ಬ ಜಾನ್

"ಜಾನ್, ಈ ಕಡೆ ಬನ್ನಿ," ಎಂದು ಬಸ್ತಿಹಳ್ಳಿಯ ಬಸದಿ ಬಾಗಿಲಲ್ಲಿ ನಿಂತು ಗೈಡ್ ಧನ್ಯಕುಮಾರ ಕರೆದ. ಮೆಟ್ಟಿಲ ಮೇಲೆ ಕೂತಿದ್ದ ಬಿಳಿಯ ಮುದುಕ ಏಳಲಿಲ್ಲ. ಇಂಗ್ಲಿಷರೆಲ್ಲ ಜಾನ್, ಜರ್ಮನರೆಲ್ಲ ಹಾನ್ಸ್ ಅನ್ನುವುದು ಇಪ್ಪತ್ತು ವರ್ಷದಿಂದ ಧನ್ಯಕುಮಾರನಿಗೆ ರೂಢಿ. ಅವರಿಗೂ ಅವನು ಬರೀ ರಾಜು. ಬೆಳಗಿನಿಂದ ಇದು ಐದನೇ ಸುತ್ತು, ಕಾಲುಗಳು ಸೋತುಹೋಗಿದ್ದವು.

"ನಾನು ಜಾನ್ ಅಲ್ಲ, ಆರ್ಥರ್," ಎಂದ ಮುದುಕ, ಇಂಗ್ಲಿಷಿನಲ್ಲಿ ಮೆಲ್ಲಗೆ. "ನಿಮ್ಮ ಹೆಸರು?"

ಅಭ್ಯಾಸಬಲದಿಂದ ರಾಜು ಎಂದುಬಿಡಲು ಬಾಯಿ ತೆರೆದವನು ತಡೆದ. "ಧನ್ಯಕುಮಾರ."

ಮುದುಕ ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಸರಿಯಾಗಿ ಹೇಳಿದ. "ತುಂಬಾ ದಣಿದಿದ್ದೀರಿ, ಧನ್ಯಕುಮಾರ. ಒಳಗಿರೋ ತೀರ್ಥಂಕರರು ಎಲ್ಲಿಗೂ ಹೋಗಲ್ಲ, ಕೂತ್ಕೊಳ್ಳಿ," ಎಂದು ಸರಿದು ಜಾಗ ಮಾಡಿದ.

ಧನ್ಯಕುಮಾರ ಬಾಯಿಪಾಠದ ಕಥೆಯನ್ನೆಲ್ಲ ಬಿಟ್ಟು, ಮೊದಲ ಬಾರಿಗೆ ಪ್ರವಾಸಿಯೊಬ್ಬರ ಪಕ್ಕ ಕೂತು ಕಾಲು ಚಾಚಿದ.