ಅಂಗೈಯ ಮಾತ್ರೆ

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ," ಎಂದಳು ಪವಿತ್ರಾ. ಮಡಿಲಲ್ಲಿದ್ದ ಎರಡು ತಿಂಗಳ ಮಗಳ ಬಲಗಣ್ಣಿನ ಹಿಂಬದಿಯಲ್ಲಿ ಡಾಕ್ಟರು ಆಗಷ್ಟೇ ಕಲೆಯೊಂದನ್ನು ಕಂಡಿದ್ದರು. ಬಸುರಿಯಾಗಿದ್ದಾಗ ಪವಿತ್ರಾಳಿಗೆ ತಗುಲಿದ ಟಾಕ್ಸೊ ಎಂಬ ಸೋಂಕು ಮಗುವಿಗೂ ದಾಟಿ ಕಣ್ಣಿಗೆ ಇಳಿದಿತ್ತು. ಅದನ್ನು ತಡೆಯಲೆಂದೇ ಐದನೇ ತಿಂಗಳಿನಿಂದ ಮಾತ್ರೆ ಕೊಟ್ಟಿದ್ದರು.

"ಈ ದಪ್ಪನೆಯ ಬಿಳಿ ಮಾತ್ರೆ ತಾನೇ?" ಡಾಕ್ಟರು ಫೋನಿನಲ್ಲಿ ಚಿತ್ರ ತೋರಿಸಿದರು. ಪವಿತ್ರಾ ನುಂಗಿದ್ದು ಗುಲಾಬಿ ಬಣ್ಣದ ಪುಟ್ಟ ಮಾತ್ರೆ. ಮುಳಬಾಗಿಲಿನಿಂದ ಅದನ್ನು ತರುತ್ತಿದ್ದವರು ಅತ್ತೆ ಅಂಜಮ್ಮ. ಹಾಲಿನ ಲೋಟದ ಜೊತೆ ಅಂಗೈಯಲ್ಲಿಟ್ಟು ಕೊಟ್ಟು, ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದರು. ತಾಯಿಯಿಲ್ಲದ ಪವಿತ್ರಾ ಒಮ್ಮೆ ಆ ಅಂಗೈಯನ್ನು ಕಣ್ಣಿಗೊತ್ತಿಕೊಂಡಿದ್ದಳು.

"ನಾನೇ ಬದಲಾಯಿಸ್ದೆ ಕಣಮ್ಮಾ," ಪಕ್ಕದ ಕುರ್ಚಿಯಲ್ಲಿದ್ದ ಅಂಜಮ್ಮ ಮಗುವಿನ ಗಲ್ಲವನ್ನು ಬೆಳಕಿನತ್ತ ಎತ್ತಿದರು. "ಅಷ್ಟು ಹೀಟಿನ ಮಾತ್ರೆ ನುಂಗಿದ್ರೆ ಕೂಸು ಕರ್ರಗೆ ಹುಟ್ತದೆ ಅಂತ ಶಕ್ತಿ ಮಾತ್ರೆ ಕೊಟ್ಟೆ. ನೋಡು, ಎಷ್ಟು ಬೆಳ್ಳಗವ್ಳೆ ನನ್ ಬಂಗಾರ!"

ಡಾಕ್ಟರು ಮಗುವಿಗೆ ಒಂದು ವರ್ಷದ ಔಷಧಿ ಬರೆದು, ಮೊದಲ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಎಂದಿನಂತೆ ಅಂಜಮ್ಮನ ಅಂಗೈ ಮುಂದೆ ಬಂತು. ಪವಿತ್ರಾ ಅದನ್ನೇ ನೋಡುತ್ತ ಬಾಟಲಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಜಿಪ್ಪು ಎಳೆದಳು.